ಕಾರ್ಡಿನಲ್ಲಿದ್ದ ಸೋದರಮಾವ

ಐದು ನೂರು ಕಾರ್ಡು ಹಂಚಿ ಮುಗಿದ ಮೇಲೆ ಅಂಬಮ್ಮನಿಗೆ ಅದರಲ್ಲೊಂದನ್ನು ಕೈಗೆತ್ತಿಕೊಂಡು ಓದಲು ಪುರುಸೊತ್ತಾಯಿತು. ಮಗಳ ಹೆಸರು, ಅಳಿಯನ ಹೆಸರು, ಬಸವ ಜಯಂತಿಯ ತಾರೀಖು, ಕಮಲಾಪುರದ ಕಲ್ಯಾಣ ಮಂಟಪದ ವಿಳಾಸ, ಎಲ್ಲ ಸರಿಯಾಗಿತ್ತು. ಕೆಳಗಿನ ಮೂಲೆಗೆ ಬಂದಾಗ ಅವಳ ಬೆರಳು ಅಲ್ಲೇ ನಿಂತಿತು. ಅಲ್ಲಿ ಹೂಬಳ್ಳಿಯ ಚೌಕಟ್ಟಿನೊಳಗೆ ‘ವಧುವಿನ ಸೋದರಮಾವ: ಶ್ರೀ ಶಿವಶರಣಪ್ಪ, ಬಾಳೆ ತೋಟದವರು, ಕಮಲಾಪುರ’ ಎಂದು ಕೆಂಪಗೆ ಅಚ್ಚಾಗಿತ್ತು.

ಶಿವಶರಣಪ್ಪ ಅಂಬಮ್ಮನ ಒಬ್ಬನೇ ತಮ್ಮ. ಹಾಗೆ ನೋಡಿದರೆ ಅಚ್ಚಿನಲ್ಲಿ ಸುಳ್ಳೇನೂ ಇರಲಿಲ್ಲ, ಅವನು ವಿದ್ಯಾವತಿಯ ಸೋದರಮಾವನೇ. ಆದರೆ ಅವನು ವಿದ್ಯಾವತಿಯ ಮೊದಲ ಗಂಡನೂ ಆಗಿದ್ದ. ಎಂಟು ವರ್ಷ ಸಂಸಾರ ಮಾಡಿ, ಆಮೇಲೆ ನಾಲ್ಕು ವರ್ಷ ಕಲಬುರಗಿಯ ಕೋರ್ಟಿಗೆ ಅಲೆದಾಡಿಸಿ, ಕೊನೆಗೆ ಹಲ್ಲು ಕಚ್ಚಿಕೊಂಡು ಸೋಡಚೀಟಿಗೆ ಸಹಿ ಹಾಕಿದ ಮಹಾನುಭಾವ. ಈಗ ಅದೇ ಮನುಷ್ಯ ತನ್ನ ಹೆಂಡತಿಯಾಗಿದ್ದವಳ ಎರಡನೆಯ ಮದುವೆಗೆ ಊರವರನ್ನೆಲ್ಲ ಆದರದಿಂದ ಕರೆಯುತ್ತಿದ್ದ.

“ಏನ್ರಿ ಇದು?” ಎಂದು ಅಂಬಮ್ಮ ಕಾರ್ಡನ್ನು ಗಂಡನ ಮೂಗಿನ ಕೆಳಗೆ ಹಿಡಿದಳು.

ಖಂಡೆಪ್ಪ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಅರಿವೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದು ಮನೆಗೆ ಕೂತವನು. ಯಾರಿಗೂ ಎದುರಾಡಿದವನಲ್ಲ. ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಒರೆಸಿದ, ಮತ್ತೆ ಹಾಕಿಕೊಂಡು ಓದಿದ.

“ಮಲ್ಲಿಕಾನ ಲಗ್ನದ ಕಾರ್ಡ್ ಕೊಟ್ಟಿದ್ನಿ. ಇದರಂಗ ಮಾಡಪಾ, ಹುಡುಗ ಹುಡುಗಿ ಹೆಸರು ಬದಲಿ ಮಾಡು ಅಂದಿದ್ನಿ. ಪ್ರೆಸ್ಸಿನ ಇನಾಯತ್ ಹಂಗ ಮಾಡ್ಯಾನ. ಅವಂದೇನು ತಪ್ಪದ?”

“ಅಚ್ಚು ಹಾಕೂಕಿಂತ ಮೊದಲ ಓದ್ಲಿಲ್ಲೇನ್ರಿ?”

“ಓದೀನಲ್ಲ! ನನ್ನ ಹೆಸರಿನಾಗ ಒತ್ತು ಬಿಟ್ಟಿದ್ದ. ಮೂರು ಸಲ ತಿದ್ದಿಸೀನಿ.”

ಒಂಬತ್ತು ವರ್ಷದ ಹಿಂದೆ ಕಿರಿಯ ಮಗಳು ಮಲ್ಲಿಕಾಳ ಮದುವೆಯಲ್ಲಿ ಶಿವಶರಣಪ್ಪ ಜರಿ ರುಮಾಲು ಸುತ್ತಿ ಅವಳನ್ನು ಕೈಹಿಡಿದು ಮಂಟಪಕ್ಕೆ ಕರೆತಂದಿದ್ದ. ಅದೇ ಕಾರ್ಡು, ಅದೇ ಮೂಲೆ, ಅದೇ ಹೂಬಳ್ಳಿ. ಖಂಡೆಪ್ಪ ತನ್ನ ಒತ್ತನ್ನು ಹುಡುಕುವ ಭರದಲ್ಲಿ ಭಾಮೈದನನ್ನು ಹಾಗೆಯೇ ಉಳಿಸಿಬಿಟ್ಟಿದ್ದ.

ಅಂಬಮ್ಮ ಗಂಡನನ್ನು ಬಯ್ಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವನನ್ನು ಬಯ್ಯುವ ಬಾಯಿ ತನಗೆಲ್ಲಿದೆ? ಹದಿನೈದು ವರ್ಷದ ಹಿಂದಿನ ತಪ್ಪು ಅವಳದೇ. ತಾಯಿ ಸತ್ತಾಗ ಶಿವಶರಣಪ್ಪ ಎರಡು ವರ್ಷದ ಕೂಸು. ಹದಿನಾಲ್ಕರ ಅಂಬಮ್ಮ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮದುವೆಯಾಗಿ ಕಲಬುರಗಿಗೆ ಬರುವಾಗ ಬಟ್ಟೆಗಂಟಿನ ಜೊತೆ ಅವನನ್ನೂ ಕರೆತಂದಿದ್ದಳು. ಅವನು ಅವಳ ಮನೆಯಲ್ಲೇ ಹತ್ತನೆಯ ತರಗತಿ ಓದಿದ, ವಿದ್ಯಾವತಿಯನ್ನು ಸೈಕಲ್ಲಿನ ಮುಂದೆ ಕೂರಿಸಿ ಶಾಲೆಗೆ ಬಿಟ್ಟುಬಂದ, ಆಮೇಲೆ ಊರಿಗೆ ಹೋಗಿ ಅಪ್ಪನ ಬಾಳೆ ತೋಟ ಹಿಡಿದ. ಮಗಳಿಗೆ ಹತ್ತೊಂಬತ್ತಾದಾಗ ಅಂಬಮ್ಮ ಒಂದೇ ಹಟ ಹಿಡಿದಳು: ಶಿವೂಗೇ ಕೊಡಬೇಕು, ತನ್ನ ತವರು ಉಳಿಯಬೇಕು. ಮಗಳು ಅತ್ತಳು. “ಅವ್ವಾ, ನಾ ಅವನಿಗಿ ಮಾವ ಅಂತೀನಿ” ಎಂದಳು. “ಎಲ್ಲಾರೂ ಹಂಗ ಅಂತಾರ, ಹಂಗ ಬಾಳ್ತಾರ” ಎಂದು ಅಂಬಮ್ಮ ಬಾಯಿ ಮುಚ್ಚಿಸಿದಳು.

ಆಮೇಲಿನದು ನೆನೆದರೆ ಅವಳು ಇವತ್ತಿಗೂ ಉಣ್ಣುವ ತಟ್ಟೆ ಬಿಟ್ಟು ಏಳುತ್ತಾಳೆ. ಮದುವೆಯಾಗಿ ಮೂರನೆಯ ವರ್ಷ ಹೇಳದೆ ಕೇಳದೆ ಕಮಲಾಪುರಕ್ಕೆ ಹೋಗಿದ್ದಳು. ತವರಿನ ಬಾಗಿಲಿಗೆ ಹೊರಗಿನಿಂದ ಬೀಗ. ತೋಟಕ್ಕೆ ಹೋಗಿರಬೇಕು ಎಂದುಕೊಂಡು ಕಟ್ಟೆಯ ಮೇಲೆ ಕೂತಳು. ಒಳಗೆ ಪಾತ್ರೆ ತೊಳೆಯುವ ಸದ್ದು, ಬಳೆಯ ಸದ್ದು. ಅಂಬಮ್ಮ ಕೇಳಿಸಿಕೊಂಡಳು. ಕೇಳಿಸಿಕೊಂಡು, ಎದ್ದು, ಮುಂದಿನ ಬಸ್ಸಿಗೆ ಕಲಬುರಗಿಗೆ ಮರಳಿದಳು. ಯಾರಿಗೂ ಹೇಳಲಿಲ್ಲ. ಮಗಳು ಇನ್ನೂ ಐದು ವರ್ಷ ಆ ಬೀಗದ ಒಳಗೇ ಇದ್ದಳು, ಆಮೇಲೆ ಒಂದು ದಿನ ತಾನೇ ಹಿತ್ತಲ ಗೋಡೆ ಹಾರಿ ಬಂದಳು.

ಆದ್ದರಿಂದ ಈ ಮದುವೆ ಆಗಲೇಬೇಕಿತ್ತು. ವಿದ್ಯಾವತಿ ಬಿ.ಎಡ್. ಮಾಡಿ ಕುಸನೂರ ರಸ್ತೆಯ ಶಾಲೆಯಲ್ಲಿ ಟೀಚರಾಗಿದ್ದಳು. ಅದೇ ಶಾಲೆಯ ಗುಮಾಸ್ತ ವಿವೇಕಾನಂದ, ಮೂವತ್ತೊಂಬತ್ತರ ಮೆತ್ತಗಿನ ಮನುಷ್ಯ, ಕೊರೊನಾದಲ್ಲಿ ಹೆಂಡತಿಯನ್ನು ಕಳೆದುಕೊಂಡವನು, ತಾನಾಗಿ ಮನೆಗೆ ಬಂದು ಕೇಳಿದ. ವಿದ್ಯಾವತಿ ಎರಡು ತಿಂಗಳು ಯೋಚಿಸಿ ಹೂಂ ಅಂದಳು. ಹೂಂ ಅನ್ನುವಾಗ ಮಗಳು ನಕ್ಕದ್ದನ್ನು ಅಂಬಮ್ಮ ನೋಡಿದ್ದಳು. ಆ ನಗು ಮತ್ತೆ ಆರಬಾರದು, ಬೇರೇನೂ ಅವಳಿಗೆ ಬೇಕಿರಲಿಲ್ಲ.

ರಿಜಿಸ್ಟರ್ ಆಫೀಸಿನಲ್ಲಿ ಮುಗಿಸೋಣ ಎಂದು ಖಂಡೆಪ್ಪ ಅಂದಿದ್ದ. ಒಪ್ಪದವಳು ಹಣಮಮ್ಮ, ವಿವೇಕಾನಂದನನ್ನು ಸಾಕಿದ ಅಜ್ಜಿ. ಎಂಬತ್ತು ವರ್ಷದ ಮುದುಕಿ, ಹಲ್ಲು ಮೂರೇ ಉಳಿದಿದ್ದರೂ ಮಾತಿನಲ್ಲಿ ಒಂದೂ ಉದುರಿರಲಿಲ್ಲ. “ಎರಡನೇದಾದ್ರೇನು, ಕದ್ದು ಮಾಡೂದೇನದ? ಸುರಗಿ ಸುತ್ತಿ ನೀರು ಹಾಕಬೇಕು, ಹಣಿಗಿ ಭಾಸಿಂಗ ಕಟ್ಟಬೇಕು, ಸೋದರಮಾವ ಕೈಹಿಡದು ಕರ್ಕೊಂಡ ಬರಬೇಕು” ಎಂದು ಅಪ್ಪಣೆ ಮಾಡಿದಳು. ಹುಡುಗಿಗೆ ಸೋಡಚೀಟಿ ಆಗಿದೆ ಎಂಬುದು ಅವಳಿಗೆ ಗೊತ್ತಿತ್ತು. ಬಿಟ್ಟ ಗಂಡ ಸೋದರಮಾವನೇ ಎಂಬುದನ್ನು ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಬಸವ ಜಯಂತಿಗೆ ಶಾಲೆಗೆ ರಜೆ, ಆಫೀಸಿಗೆ ರಜೆ, ಒಳ್ಳೆಯ ದಿನ ಹುಡುಕಿಸುವ ಹಂಗಿಲ್ಲ. ಹಾಗಾಗಿಯೇ ಕಲಬುರಗಿಯ ಮಂಟಪಗಳೆಲ್ಲ ಆರು ತಿಂಗಳ ಮೊದಲೇ ಹಿಡಿದುಹೋಗಿದ್ದವು. ಖಾಲಿ ಸಿಕ್ಕಿದ್ದು ಕಮಲಾಪುರದ್ದೊಂದೇ, ಅದೂ ಶಿವಶರಣಪ್ಪನ ಮನೆಯಿಂದ ನಾಲ್ಕು ಓಣಿ ಆಚೆ.

ಸೋದರಮಾವನ ಜಾಗಕ್ಕೆ ಹುಮನಾಬಾದಿನ ದೂರದ ಅಣ್ಣನೊಬ್ಬನನ್ನು ಅಂಬಮ್ಮ ಮೊದಲೇ ಗೊತ್ತುಮಾಡಿದ್ದಳು. ಕಾರ್ಡಿನ ವಿಷಯ ತಿಳಿದ ದಿನ ವಿದ್ಯಾವತಿ ಅದನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟಳು. “ಹೆಸರಿದ್ರ ಇರ್ಲಿ. ಬಂದ್ರ ಉಂಡು ಹೋಗಲಿ. ನನ್ನ ಹತ್ರ ಬರಬಾರದು, ಅಷ್ಟ” ಎಂದಳು. ಅಂಬಮ್ಮನಿಗೆ ನೆನಪಾದದ್ದು ಕೋರ್ಟಿನ ಮೆಟ್ಟಿಲ ಮೇಲೆ ತಮ್ಮ ಅಂದ ಮಾತು. “ಇಕಿ ಮ್ಯಾಲ ಇನ್ನೊಮ್ಮಿ ಲಗ್ನದ ಅಕ್ಕಿಕಾಳು ಹ್ಯಾಂಗ ಬೀಳ್ತಾವ, ನಾನೂ ನೋಡ್ತೀನಿ.”

ಮದುವೆಯ ದಿನ ಬೆಳಗಿನ ಹತ್ತಕ್ಕೆ ಅವನು ಬಂದ. ಸುಮ್ಮನೆ ಬರಲಿಲ್ಲ. ಬಿಳಿ ಧೋತರ, ಜರಿ ರುಮಾಲು, ಹಣೆಯ ತುಂಬ ವಿಭೂತಿ, ಹಿಂದೆ ಇಬ್ಬರು ಆಳುಗಳ ಹೆಗಲ ಮೇಲೆ ಕೆಂಪು ಬಾಳೆಯ ಎರಡು ದೊಡ್ಡ ಗೊನೆ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಖಂಡೆಪ್ಪ ಅವನನ್ನು ಕಂಡದ್ದೇ ತಟ್ಟೆ ಸಮೇತ ಅಡುಗೆ ಮನೆಗೆ ಹೋಗಿ ಸೇರಿಕೊಂಡ.

ಗಂಡಿನ ಕಡೆಯವರು ಕಾರ್ಡು ಓದಿದವರು. “ಸೋದರಮಾವ ಬಂದ್ರು, ಸೋದರಮಾವ ಬಂದ್ರು” ಎಂದು ಎದ್ದು ನಿಂತರು. ಯಾರೋ ಕೈಕಾಲಿಗೆ ನೀರು ಕೊಟ್ಟರು. ಹಣಮಮ್ಮ ಸ್ವತಃ ಕೋಲೂರಿಕೊಂಡು ಬಂದು ಅವನ ಕೊರಳಿಗೆ ಮಾಲೆ ಹಾಕಿದಳು, ಹೆಗಲಿಗೆ ಟಾವೆಲ್ ಹೊದಿಸಿದಳು, ತನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡಳು.

“ಈಗಿನ ಕಾಲದಾಗ ರುಮಾಲು ಸುತಗೊಂಡು ಬರೂ ಮಾವ ಎಲ್ಲಿ ಸಿಗ್ತಾರಪಾ” ಎಂದು ಅವನ ಬೆನ್ನು ತಟ್ಟಿದಳು.

“ಕರ್ತವ್ಯರಿ ಆಯಿ. ಕಾರ್ಡಿನಾಗ ಹೆಸರು ಹಾಕ್ಯಾರ, ಬರಲಾರದ ಇರಲಿಕ್ಕ ಆಗ್ತದೇನ್ರಿ?” ಎಂದು ಶಿವಶರಣಪ್ಪ ನಮ್ರನಾಗಿ ತಲೆಬಾಗಿದ. ಊರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆಲ್ಲ ಗೊತ್ತು. ಆದರೆ ಇಂಥದ್ದನ್ನು ನೋಡುವ ಅವಕಾಶ ಮತ್ತೆ ಸಿಗಲಿಕ್ಕಿಲ್ಲ ಎಂದು ಒಬ್ಬರೂ ತುಟಿ ಬಿಚ್ಚಲಿಲ್ಲ. ಉಪ್ಪಿಟ್ಟು ತಿಂದು ಹೊರಡುವವರಿದ್ದವರೂ ಮುಂದಿನ ಸಾಲಿನ ಕುರ್ಚಿ ಹಿಡಿದು ಕೂತರು. ಕಮಲಾಪುರದವರ ಒಳ್ಳೆಯತನವೇ ಅಷ್ಟು.

ಅಂಬಮ್ಮ ಹುಮನಾಬಾದಿನ ಅಣ್ಣನಿಗೆ ಫೋನು ಮಾಡಿದಳು. ಅವನಿಗೆ ಆ ದಿನ ನಾಲ್ಕು ಮದುವೆ. “ಚಿಟಗುಪ್ಪಾದಾಗ ಒಂದು ಅಕ್ಕಿಕಾಳು ಒಗದು ಬಂದೇ ಬಿಟ್ನಿ ತಂಗಿ” ಎಂದ. ಹಿಂದೆ ಬಸವಣ್ಣನ ಮೆರವಣಿಗೆಯ ಡೊಳ್ಳು ಕೇಳುತ್ತಿತ್ತು. ಇಲ್ಲಿ ಅಕ್ಕಿಕಾಳು ಹಾಕುವ ಹನ್ನೆರಡೂ ಇಪ್ಪತ್ತೈದಕ್ಕೆ ಅವನು ಬಂದು ಮುಟ್ಟುವುದಿಲ್ಲ ಎಂದು ಅವಳಿಗೆ ಆಗಲೇ ಅರ್ಥವಾಯಿತು.

ಹನ್ನೊಂದೂವರೆಗೆ ಶಿವಶರಣಪ್ಪ ಕೈತೊಳೆಯುವ ನೆಪದಲ್ಲಿ ಎದ್ದು ಬಂದ. ನೀರಿನ ಡ್ರಮ್ಮಿನ ಹಿಂದೆ ಅಕ್ಕ ತಮ್ಮ ಎದುರುಬದುರಾದರು. ಕೋರ್ಟು ಮುಗಿದ ಮೂರು ವರ್ಷದಲ್ಲಿ ಅವನ ಕೆನ್ನೆ ಒಳಹೋಗಿತ್ತು. ಅಂಬಮ್ಮನಿಗೆ ಮೊದಲು ಕಂಡದ್ದು ಅದೇ. ಯಾರು ಅಡುಗೆ ಮಾಡಿ ಹಾಕುತ್ತಾರೋ ಎಂಬ ಯೋಚನೆ ಬಂತು, ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ಯಾಕ ಬಂದಿ ಶಿವೂ?”

“ಕರದೀರಿ, ಬಂದೀನಿ.”

“ಕಾರ್ಡ್ ತಪ್ಪಾಗ್ಯಾದ, ನಿನಗೂ ಗೊತ್ತದ. ಉಂಡು ಹೋಗಪಾ. ನಿನ್ನ ಕೈ ಮುಗೀತೀನಿ.”

ಶಿವಶರಣಪ್ಪ ಹೊಸ ಟಾವೆಲಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡ. “ಉಣ್ತೀನಿ ಅಕ್ಕಾ. ಮೊದಲ ನನ್ನ ಕೆಲಸ ಮುಗಿಸ್ತೀನಿ. ವಿದ್ಯಾ ಎಲ್ಲಾರ ಮುಂದ ಬಂದು ನನ್ನ ಕಾಲು ಮುಟ್ಟಿ ‘ತಪ್ಪಾತು ಮಾವಾ, ಕರ್ಕೊಂಡ ನಡಿ’ ಅನ್ನಲಿ. ಕೈಹಿಡದು ಮಂಟಪಕ್ಕ ಕರ್ಕೊಂಡ ಬರ್ತೀನಿ, ತೊಗೊಂಡ ಹೋಗ್ರಿ ಅಂತ ಅವರ ಕೈಯಾಗ ಕೊಡ್ತೀನಿ. ಊರಾಗ ನನ್ನ ಮಾನ ಉಳೀತದ.”

“ಅನ್ನಲಿಲ್ಲಂದ್ರ?”

“ಅನ್ನಲಿಲ್ಲಂದ್ರ ಮೈಕಿನಾಗ ನಾನ ಎರಡು ಮಾತು ಹೇಳ್ತೀನಿ. ಆ ಮುದುಕಿಗಿ ಪಾಪ ಏನೂ ಗೊತ್ತಿದ್ದಂಗಿಲ್ಲ. ಗೋಡಿ ಹಾರಿ ಓಡಿಹೋದಾಕಿನ ಮನಿ ತುಂಬಿಸಿಕೊಳ್ತಾಳೇನು, ಕೇಳೂಣು.”

ಅವನು ಮತ್ತೆ ಹೋಗಿ ಹಣಮಮ್ಮನ ಪಕ್ಕ ಕೂತ. ಕಾಲು ಮುಟ್ಟಿದರೆ ಮುಗಿಯಿತಲ್ಲ, ಒಂದೇ ಕ್ಷಣದ ಮಾತು, ಮಗಳ ಮುಂದಿನ ಬಾಳು ಉಳಿಯುತ್ತದೆ. ಹೀಗೆ ಲೆಕ್ಕ ಹಾಕುತ್ತಲೇ ಅಂಬಮ್ಮ ಮದುಮಗಳ ಕೋಣೆಗೆ ಹೋದಳು. ಮುತ್ತೈದೆಯರನ್ನು ಹೊರಗೆ ಕಳಿಸಿ ಚಿಲಕ ಹಾಕಿ ಎಲ್ಲ ಹೇಳಿದಳು.

ವಿದ್ಯಾವತಿ ಹಳದಿ ಸೀರೆಯುಟ್ಟು ಕನ್ನಡಿಯ ಮುಂದೆ ಕೂತಿದ್ದಳು. ಕೇಳಿ ಮುಗಿಯುವವರೆಗೆ ಅಲುಗಾಡಲಿಲ್ಲ.

“ನೀ ಏನ್ ಅಂತಿ ಅವ್ವಾ?” ಎಂದಳು.

“ಒಂದು ನಿಮಿಷದ ಮಾತವ್ವ. ಹಿರಿಯ ಮಾವ ಅಂತ ತಿಳಕೊಂಡು...”

“ಎಂಟು ವರ್ಷ ದಿನಾ ಮುಂಜಾನಿ ಅವನ ಕಾಲು ಮುಟ್ಟೀನಿ. ಮುಟ್ಟಿದ ಮ್ಯಾಲ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತಿದ್ದ.” ಅವಳ ದನಿ ಏರಲಿಲ್ಲ, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದಳು. “ಲಗ್ನ ನಿಂತ್ರ ನಿಲ್ಲಲಿ. ಸೂಟಿ ಮುಗದ ಮ್ಯಾಲ ಶಾಲೀಗಿ ಹೋಗ್ತೀನಿ. ಮುಟ್ಟಂಗಿಲ್ಲ.”

ಅಂಬಮ್ಮ ಹೊರಬಂದಳು. ಮಗಳ ಮೇಲೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಬೀಗ ನೋಡಿ ತಿರುಗಿ ಹೋದವಳು ಇವತ್ತು ಮತ್ತೆ ಅದೇ ಬಾಗಿಲ ಮುಂದೆ ಮಗಳನ್ನು ಬಿಡಲು ಹೊರಟಿದ್ದಳು.

ಉಳಿದದ್ದು ಒಂದೇ ದಾರಿ, ಹಣಮಮ್ಮನಿಗೆ ತಾನೇ ಮೊದಲು ಹೇಳಿಬಿಡುವುದು. ಮದುಮಗನನ್ನು ಜೊತೆಗೆ ಕರೆದರೆ ಧೈರ್ಯ ಬರುತ್ತದೆಂದು ವಿವೇಕಾನಂದನ ಹತ್ತಿರ ಹೋದಳು. ಅವನಿಗೆ ಆಗಲೇ ಭಾಸಿಂಗ ಕಟ್ಟಿದ್ದರು. ಹೂವಿನ ಎಳೆಗಳು ಗದ್ದದವರೆಗೆ ಇಳಿಬಿದ್ದು ಎದುರಿಗಿರುವವರು ಯಾರೆಂದೇ ಅವನಿಗೆ ಕಾಣುತ್ತಿರಲಿಲ್ಲ.

“ಯಾರ್ರಿ?” ಎಂದ.

“ನಾನಪಾ, ನಿಮ್ಮತ್ತಿ. ಶಿವೂ ಬಂದಾನ. ಆಯಿಗಿ ಹೇಳಿಬಿಡೂಣು ನಡೀರಿ.”

“ಮೂರು ತಿಂಗಳಿಂದ ಹೇಳಬೇಕಂತ ಮಾಡೀನ್ರಿ ಅತ್ತಿ. ಆಯಿ ಮುಂದ ನಿಂತ್ರ ಬಾಯಿ ಒಣಗ್ತದ” ಎಂದು ಮದುಮಗ ತೊದಲಿದ. “ಆದ್ರ ಯಾರು ಬ್ಯಾಡಂದ್ರೂ ನಾ ಮಂಟಪ ಬಿಟ್ಟು ಏಳಂಗಿಲ್ರಿ. ಅದಷ್ಟು ವಿದ್ಯಾಗ ಹೇಳ್ರಿ.”

ಅಂಬಮ್ಮ ಒಬ್ಬಳೇ ಹಣಮಮ್ಮನ ಕಡೆ ನಡೆದಳು. ಮೂರು ಹೆಜ್ಜೆ ಇರುವಾಗ, ಲಗ್ನ ಮಾಡಿಸಲು ಬಂದಿದ್ದ ನೀಲಕಂಠ ಸ್ವಾಮಿಗಳು ಮೈಕು ಹಿಡಿದರು. “ಹೊತ್ತು ಆಗ್ಲಿಕ್ಕ ಬಂತ್ರಿ. ಅಕ್ಕಿಕಾಳು ಹಂಚ್ರಿ. ಮದುಮಗಳ ಸೋದರಮಾವ ಎಲ್ಲಿದ್ರೂ ಬರಬೇಕು.”

ಹುಡುಗಿಯರು ಪರಾತ ಹಿಡಿದು ಸಾಲುಸಾಲಿಗೆ ಅಕ್ಕಿಕಾಳು ಹಂಚಿದರು. ಐದು ನೂರು ಜನ ಬಲಮುಷ್ಟಿ ಬಿಗಿಹಿಡಿದು ಎದ್ದು ನಿಂತರು. ಬಾಗಿಲ ಪಕ್ಕದಲ್ಲಿ ಬ್ಯಾಂಡಿನ ಮೈಬೂಬ ಕಹಳೆಯನ್ನು ಬಾಯಿಗಿಟ್ಟು, ಸ್ವಾಮಿಗಳ ಸನ್ನೆಗೆ ಕಾಯುತ್ತ ನಿಂತ. ಶಿವಶರಣಪ್ಪ ಎದ್ದು ರುಮಾಲು ಸರಿಮಾಡಿಕೊಂಡ. ಮದುಮಗಳ ಕೋಣೆಯ ಕಡೆ ನೋಡಿದ. ಬಾಗಿಲು ತೆರೆಯಲಿಲ್ಲ. ಅಂಬಮ್ಮನ ಕಡೆ ನೋಡಿದ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಅವನ ಮುಖ ಕಪ್ಪಿಟ್ಟಿತು. ಕೋಣೆಯ ದಾರಿ ಬಿಟ್ಟು ನೇರವಾಗಿ ಮಂಟಪ ಹತ್ತಿ ಸ್ವಾಮಿಗಳ ಕೈಯಿಂದ ಮೈಕು ತೆಗೆದುಕೊಂಡ.

“ಶರಣ್ರಿ ಎಲ್ಲಾರಿಗೂ” ಎಂದ. “ನಾ ಸೋದರಮಾವ ಅಂತ ಕಾರ್ಡಿನಾಗ ಬರದಾರ. ಅರ್ಧ ಅಷ್ಟ ಬರದಾರ. ಹದಿನೈದು ವರ್ಷದ ಹಿಂದ ಇದ ಊರಾಗ ಈ ಹುಡುಗಿ ಕೊರಳಿಗಿ ತಾಳಿ ಕಟ್ಟಿದಾಂವ ನಾನು. ಇಕಿ ನನ್ನ ಮನಿ ಗೋಡಿ ಹಾರಿ...”

ಅಡುಗೆ ಮನೆಯ ಬಾಗಿಲಿನಿಂದ ಒಂದು ಕೂಗು ಬಂತು. ಮೂವತ್ತು ವರ್ಷ ಅಂಗಡಿಯಲ್ಲಿ ಒಮ್ಮೆಯೂ ದನಿ ಎತ್ತರಿಸದ ಖಂಡೆಪ್ಪ, ಹುಗ್ಗಿಯ ಸೌಟನ್ನು ಮೇಲೆತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಚೀರಿದ: “ಮೈಬೂಬಾ! ಬಜಾವ್!”

ಮೈಬೂಬ ಇಪ್ಪತ್ತು ವರ್ಷದಿಂದ ಮದುವೆಗಳಲ್ಲಿ ಊದುತ್ತಿದ್ದವನು. ಬಜಾವ್ ಎಂದಮೇಲೆ ಯಾರು ಯಾಕೆ ಎಂದು ಕೇಳುವವನಲ್ಲ. ಕಹಳೆ, ಡ್ರಮ್ಮು, ತಾಳ ಒಟ್ಟಿಗೆ ಸಿಡಿದವು. ಬಾಜಾ ಸಿಡಿದದ್ದೇ ಐದು ನೂರು ಮುಷ್ಟಿಗಳು ತಾವಾಗಿ ಬಿಚ್ಚಿಕೊಂಡವು. ಆ ಸದ್ದು ಕೇಳಿದ ಮೇಲೆ ಕೈಯಲ್ಲಿ ಅಕ್ಕಿ ಹಿಡಿದುಕೊಂಡು ನಿಲ್ಲುವುದು ಈ ಸೀಮೆಯ ಯಾರಿಂದಲೂ ಆಗದ ಮಾತು. ಹಳದಿ ಅಕ್ಕಿ ಮಂಟಪದ ಮೇಲೆ ಸುರಿಯಿತು. ಮದುಮಗಳು ಕೋಣೆಯಲ್ಲಿದ್ದಳು, ಮದುಮಗ ಮೂಲೆಯ ಮಣೆಯ ಮೇಲೆ ಕುರುಡನಂತೆ ಕೂತಿದ್ದ. ನಡುಮಂಟಪದಲ್ಲಿ ನಿಂತಿದ್ದವನು ಶಿವಶರಣಪ್ಪ ಒಬ್ಬನೇ. ರುಮಾಲಿನ ಮಡಿಕೆಯಲ್ಲಿ, ಮಾಲೆಯಲ್ಲಿ, ತೆರೆದ ಬಾಯಲ್ಲಿ ಅಕ್ಕಿ. ಅವನು ಉಗುಳಿದ, ಮತ್ತೆ ಮೈಕಿಗೆ ಬಾಯಿಟ್ಟ, ಮತ್ತೊಂದು ಹಿಡಿ ಬಂದು ಬಿತ್ತು. ಹಿಂದಿನ ಸಾಲಿನ ಅಜ್ಜನೊಬ್ಬ “ಶುಭಮಂಗಲ” ಎಂದು ಕೂಗಿ ಊಟದ ಕಡೆ ಹೊರಟೇಬಿಟ್ಟ.

ಮೊದಲು ಯಾರೋ ಹೆಂಗಸು ನಕ್ಕಳು. ಆಮೇಲೆ ಇಡೀ ಮಂಟಪ ನಕ್ಕಿತು. ಬೆಳಗಿನಿಂದ ತುಟಿ ಹೊಲಿದುಕೊಂಡಿದ್ದ ಕಮಲಾಪುರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಬಮ್ಮನಿಗೆ ನಗು ಬರಲಿಲ್ಲ. ಅಲ್ಲಿ ನಿಂತವನು ಅವಳು ಸೊಂಟದ ಮೇಲೆ ಹೊತ್ತು ಸಾಕಿದ 'ಶಿವೂ'.

“ಬಾಜಾ ನಿಂದರಸ್ರಿ!” ಹಣಮಮ್ಮ ಕೋಲನ್ನು ಕುರ್ಚಿಗೆ ಬಡಿದಳು. ಬಾಜಾ ನಿಂತಿತು, ನಗುವೂ ನಿಂತಿತು. ಮುದುಕಿ ಅಂಬಮ್ಮನನ್ನೇ ದಿಟ್ಟಿಸಿದಳು. “ಬೀಗತೀ, ಅವ ಅಂದದ್ದು ಖರೇನೇನು?”

ಅಂಬಮ್ಮ ಮಂಟಪ ಹತ್ತಿದಳು. ತಮ್ಮನ ಕೈಯಿಂದ ಮೈಕು ತೆಗೆದುಕೊಂಡಳು, ಅವನು ಬಿಟ್ಟುಕೊಟ್ಟ. ಅವಳು ಜನ್ಮದಲ್ಲಿ ಮೈಕಿನ ಮುಂದೆ ಮಾತಾಡಿದವಳಲ್ಲ.

“ಖರೇರಿ” ಎಂದಳು. “ಇವ ನನ್ನ ತಮ್ಮ. ನನ್ನ ಮಗಳಿನ ಇವನಿಗಿ ಕೊಟ್ಟಾಕಿ ನಾನು. ಅಕಿ ಬ್ಯಾಡ ಅಂದ್ಲು, ನಾ ಕೇಳಲಿಲ್ಲ. ನನ್ನ ತವರು ಉಳೀಲಿ ಅಂತ ಮಾಡಿದ್ನಿ. ಇವ ಅಕಿನ ಮನಿಯಾಗ ಹಾಕಿ ಹೊರಗಿಂದ ಕೀಲಿ ಹಾಕ್ತಿದ್ದ. ಒಂದು ದಿನ ಆ ಕೀಲಿ ನಾ ಕಣ್ಣಾರೆ ನೋಡೀನಿ. ಒಳಗ ನನ್ನ ಮಗಳಿನ ಬಳಿ ಸಪ್ಪಳಾ ಕೇಳೀನಿ. ಕೇಳಿ ಹೊಳ್ಳಿ ಹೋಗೀನ್ರಿ. ಬಾಗಿಲಾ ಮುಚ್ಚಿದ್ದಕ್ಕ ಅಕಿ ಗೋಡಿ ಹಾರ್‍ಯಾಳ. ಅಕಿದೇನೂ ತಪ್ಪಿಲ್ಲ, ನಂದದ.”

ಹಣಮಮ್ಮ ಮೊಮ್ಮಗನ ಕಡೆ ತಿರುಗಿದಳು. “ನಿನಗ ಗೊತ್ತಿತ್ತೇನೋ?”

“ಗೊತ್ತಿತ್ತು ಆಯಿ” ಎಂದಿತು ಭಾಸಿಂಗ.

“ನನಗ ಯಾಕ ಹೇಳಲಿಲ್ಲ?”

“ನೀ ಬ್ಯಾಡ ಅಂತಿದ್ದಿ.”

“ಅಂತಿದ್ನಿ” ಎಂದು ಮುದುಕಿ ಒಪ್ಪಿಕೊಂಡಳು. ಸ್ವಲ್ಪ ಹೊತ್ತು ತನ್ನ ಮೂರು ಹಲ್ಲನ್ನು ನಾಲಿಗೆಯಿಂದ ಸವರಿಕೊಳ್ಳುತ್ತ ಕೂತಳು. ಕಡೆಗೆ ಹಣಮಮ್ಮ ಎದ್ದಳು, ಕೋಲೂರುತ್ತ ಮಂಟಪದ ಅಂಚಿಗೆ ಬಂದು ಶಿವಶರಣಪ್ಪನ ಮುಂದೆ ಕೈಚಾಚಿದಳು.

“ಟಾವೆಲ್ ಕೊಡು.”

ಅವನಿಗೆ ಅರ್ಥವಾಗಲಿಲ್ಲ.

“ಮುಂಜಾನಿ ನಾ ಹೊದಿಸಿದ್ದು. ಮಾಲಿನೂ ತಗಿ. ಕೂಸಿನ ಕೂಡಿಹಾಕಿ ಕೀಲಿ ಹಾಕಾಂವಗ ನಾ ಮರ್ಯಾದಿ ಮಾಡಂಗಿಲ್ಲ.” ಎರಡನ್ನೂ ಇಸಿದುಕೊಂಡು ಮಡಿಸಿ ಕಂಕುಳಲ್ಲಿಟ್ಟುಕೊಂಡಳು. “ಸ್ವಾಮಿಗಳ, ಹೊತ್ತು ಇನ್ನೂ ಅದ ಏನು?”

“ಒಂಬತ್ತು ನಿಮಿಷ ಅದರಿ ಆಯಿ.”

“ಹಂಗಾದ್ರ ಮತ್ತೊಂದು ಪರಾತ ಅಕ್ಕಿ ತರ್ರಿ. ಏ ಖಂಡೆಪ್ಪಾ, ನೀ ಇನ್ನೊಮ್ಮಿ ಬಾಯಿ ತಗೀಬ್ಯಾಡಪಾ.”

ಜನ ಮತ್ತೆ ಉಸಿರುಬಿಟ್ಟು ಮಾತಿಗಿಳಿದರು. ಅಡುಗೆ ಮನೆಯ ಕಡೆ ಓಡಾಟ ಎದ್ದಿತು. ಮಂಟಪದ ಹಿಂದಿನ ಮೆಟ್ಟಿಲಲ್ಲಿ ಶಿವಶರಣಪ್ಪ ಚಪ್ಪಲಿ ಹುಡುಕುತ್ತಿದ್ದ. ಅಂಬಮ್ಮ ಹತ್ತಿರ ಹೋದಳು. ಅವನ ಹೆಗಲ ಮೇಲಿನ ಅಕ್ಕಿಯನ್ನು ಕೊಡವಿದಳು, ಕಿವಿಯ ಹಿಂದೆ ಸಿಕ್ಕಿಕೊಂಡ ಎರಡು ಕಾಳನ್ನು ಬೆರಳಿಂದ ತೆಗೆದಳು.

“ಇವತ್ತಿಗಿ ನಿನ್ನ ತವರು ಮುಗೀತು ತಿಳಕೋ” ಎಂದ ಅವನು, ಅವಳ ಮುಖ ನೋಡದೆ. “ಆ ಮನಿಗಿ ಇನ್ನ ಕಾಲಿಡಬ್ಯಾಡ. ನಾ ಸತ್ರೂ ಬರಬ್ಯಾಡ.”

ಹದಿನೈದು ವರ್ಷ ಅವಳ ಬಾಯಿ ಮುಚ್ಚಿಸಿದ ಭಯ ಇದೇ. ಈಗ ಅದು ಎದುರಿಗೆ ಬಂದು ನಿಂತಾಗ ಅವಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

“ಬರಂಗಿಲ್ಲ ಶಿವೂ” ಎಂದಳು. “ನೀನೂ ನನ್ನ ಬಾಗಿಲಿಗಿ ಬರಬ್ಯಾಡ. ವಿದ್ಯಾ ಇರೂ ಊರಾಗ ಎಲ್ಲಿಯೂ ನಿನ್ನ ಮಾರಿ ಕಾಣಬಾರದು. ಉಂಡು ಹೋಗು.”

ಅವನು ಉಣ್ಣಲಿಲ್ಲ. ಒಂದೇ ಚಪ್ಪಲಿ ಸಿಕ್ಕಿತ್ತು, ಇನ್ನೊಂದನ್ನು ಬಿಟ್ಟು ಬಿಸಿಲಲ್ಲಿ ಕುಂಟುತ್ತ ಓಣಿಯ ತಿರುವು ದಾಟಿಹೋದ. ಅಂಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೋಣೆಯ ಕಡೆ ನಡೆದಳು. ತವರನ್ನು ಬಿಟ್ಟುಕೊಟ್ಟಾಗಿತ್ತು, ಊರ ಮುಂದೆ ತಪ್ಪು ಒಪ್ಪಿಕೊಂಡಾಗಿತ್ತು. ಈಗ ಮಗಳನ್ನು ಕೈಹಿಡಿದು ಕರೆತಂದರೆ ಎಲ್ಲ ಸರಿಹೋಯಿತು ಎಂದು ಅವಳ ಎದೆ ಹಗುರವಾಗಿತ್ತು.

ವಿದ್ಯಾವತಿ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತಿದ್ದಳು. ಮೈಕಿನಲ್ಲಿ ಆಡಿದ್ದೆಲ್ಲ ಕೇಳಿದ್ದಳು ಎಂದು ಅವಳ ಕಣ್ಣೇ ಹೇಳುತ್ತಿತ್ತು.

“ನಡಿಯವ್ವ” ಎಂದು ಅಂಬಮ್ಮ ಕೈ ಚಾಚಿದಳು. “ಸೋದರಮಾವ ಇಲ್ಲಂದ್ರೇನಾತು. ನಾ ಕರ್ಕೊಂಡ ಹೋಗ್ತೀನಿ.”

ವಿದ್ಯಾವತಿ ಆ ಕೈಯನ್ನು ನೋಡಿದಳು. ಬಳೆ, ಅರಿಸಿನ, ಉಗುರಿನಲ್ಲಿ ಸಿಕ್ಕಿದ ಅಕ್ಕಿಕಾಳು.

“ಬ್ಯಾಡವ್ವ” ಎಂದಳು. ಕಠಿಣವಾಗಿ ಹೇಳಲಿಲ್ಲ, ನೋವಾಗುತ್ತದೆಂದು ಗೊತ್ತಿದ್ದೇ ಹೇಳಿದಳು. “ಆ ಸಲ ಸೋದರಮಾವ ಮಣಿ ಮ್ಯಾಲ ಕುಂತಿದ್ದ. ಕೈಹಿಡದು ಕರ್ಕೊಂಡ ಹೋದಾಕಿ ನೀನ. ನಾ ಬಿಡಿಸಿಕೊಳ್ಳಲಿಕ್ಕ ನೋಡಿದ್ನಿ, ನೀ ಗಟ್ಟಿ ಹಿಡದಿದ್ದಿ. ಈ ಸಲ ನಾ ಒಬ್ಬಾಕಿನ ನಡೀತೀನಿ.”

ಅಂಬಮ್ಮನ ಕೈ ಚಾಚಿದಲ್ಲೇ ಇತ್ತು. ಆ ಹಿಡಿತವನ್ನು ಅವಳು ಮರೆತಿದ್ದಳು. ಮಗಳು ಮರೆತಿರಲಿಲ್ಲ. ಕೈಯನ್ನು ನಿಧಾನವಾಗಿ ಇಳಿಸಿ, ಸೆರಗಿನೊಳಗೆ ಸೇರಿಸಿಕೊಂಡು, ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ವಿದ್ಯಾವತಿ ಹೊಸ್ತಿಲು ದಾಟಿದಳು. ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನೋಡಿದಳು. “ಹಿಂದ ಬಾ ಅವ್ವಾ” ಎಂದಳು.

ಅಂಬಮ್ಮ ಮಗಳ ಹಿಂದೆ ನಡೆದಳು.